ಜೋಕಿಗೊಂದು ಮಿಠಾಯಿ

ಹ್ಯಾಲೋವೀನ್ ಮೊದಲ ಸಲ ನನ್ನ ಮನೆಗೆ ಬಂದಾಗ ನಾನು ಅದರ ಮುಖದ ಮೇಲೆಯೇ ಬಾಗಿಲು ಹಾಕಿಬಿಟ್ಟೆ.

ಆಗ ನಾನು ಮದುವೆಯಾಗಿ ಸೇಂಟ್ ಲೂಯಿಸಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಹುಟ್ಟಿದ್ದು ಓಝಾರ್ಕ್ ಗುಡ್ಡಗಳ ಹಿಂದೆ. ಅಕ್ಟೋಬರ್ ಮೂವತ್ತೊಂದು ಸೈತಾನನ ಹುಟ್ಟುಹಬ್ಬ ಎಂದು ನಮ್ಮ ಕಡೆಯ ಪಾದ್ರಿಗಳು ನಂಬಿದ್ದರು. ಆ ಸಂಜೆ ಊರಿಗೆ ಊರೇ ದೀಪ ಆರಿಸಿ ಹೊದ್ದು ಮಲಗುತ್ತಿತ್ತು. ಶಾಲೆಯಲ್ಲಾದರೂ ತಿಳಿಯಬಹುದಿತ್ತೇನೋ, ಆದರೆ ನಾಲ್ಕನೆಯ ತರಗತಿಗೇ ನನ್ನನ್ನು ಬಿಡಿಸಿ ಕೋಳಿ ಕಾಯಲು ಹಾಕಿದ್ದರು. ಹಾಗಾಗಿ ಬಾಗಿಲು ತೆರೆದಾಗ ಎರಡು ತೂತು ಮಾಡಿದ ಬೆಡ್‌ಶೀಟು ಕಾಲು ಮೂಡಿಸಿಕೊಂಡು ನಿಂತಿದ್ದು ಕಂಡು ನನಗೆ ಮೊದಲು ಬಂದ ಯೋಚನೆ, ಒಳ್ಳೆಯ ಬೆಡ್‌ಶೀಟು ಹಾಳಾಯಿತಲ್ಲ ಎಂಬುದು.

"ಎಲುಬುಗೂಡಿಗೆ ದೆವ್ವ ಕಂಡ್ರೆ ಯಾಕೆ ಭಯ, ಹೇಳಿ ನೋಡೋಣ," ಎಂದಿತು ಬೆಡ್‌ಶೀಟು.

"ಗೊತ್ತಿಲ್ಲಪ್ಪ."

"ಅದಕ್ಕೆ ಗುಂಡಿಗೇನೇ ಇಲ್ಲ."

ನಾನು ನಿಧಾನವಾಗಿ ಯೋಚಿಸಿದೆ. "ಗುಂಡಿಗೆ ಒಂದೇ ಯಾಕೆ? ಕರುಳೂ ಇಲ್ಲ, ಪಿತ್ತಕೋಶಾನೂ ಇಲ್ಲ. ಭಯ ಪಡೋಕೆ ಮಿದುಳಾದ್ರೂ ಬೇಕಲ್ಲ, ಅದೂ ಇಲ್ಲ. ಇದ್ರಲ್ಲಿ ನಗೋದೇನಿದೆ?"

ಬೆಡ್‌ಶೀಟು ಚೀಲ ಚಾಚಿಕೊಂಡು ನಿಂತೇ ಇತ್ತು. ನಾನು ಬಾಗಿಲು ಹಾಕಿದೆ.

ಕೆಲಸ ಮುಗಿಸಿ ಬಂದ ನಮ್ಮ ಯಜಮಾನರು ಎಮಿಲ್, ಮೆಟ್ಟಿಲ ಮೇಲೆ ಅಳುತ್ತ ಕುಳಿತ ದೆವ್ವವನ್ನು ಸಮಾಧಾನ ಮಾಡಿ, ತಮ್ಮ ಊಟದ ಡಬ್ಬಿಯಲ್ಲಿ ಉಳಿದಿದ್ದ ಸೇಬಿನ ಕಡುಬು ಕೊಟ್ಟು ಕಳಿಸಿದರು. ಅವರು ಇಟ್ಟಿಗೆ ಕಟ್ಟುವ ಮೇಸ್ತ್ರಿ. ಮಾತನ್ನೂ ಒಂದರ ಮೇಲೊಂದು ನಿಧಾನವಾಗಿ ಇಟ್ಟು ಹೇಳುವುದು ಅವರ ಅಭ್ಯಾಸ.

"ಬೇರೆ ಊರಲ್ಲಿ ಈ ಹಬ್ಬಕ್ಕೆ ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೆ ಹೋಗಿ ಸುಮ್ನೆ ಕೈ ಚಾಚ್ತಾವೆ, ಆಲ್ವಿನಾ. ನಮ್ಮೂರಲ್ಲಿ ಹಾಗಲ್ಲ. ಒಂದು ಜೋಕು ಹೇಳ್ಬೇಕು, ಆಮೇಲೇ ಮಿಠಾಯಿ. ದುಡಿದು ತಿನ್ನೋ ಮಕ್ಕಳು ಇವು."

"ನಗು ಬರದಿದ್ರೆ?"

"ಬರದಿದ್ರೂ ಕೊಡ್ಬೇಕು."

"ಹಾಗಾದ್ರೆ ಜೋಕು ಯಾಕೆ?"

ಅವರು ಬೆನ್ನು ತಿರುಗಿಸಿ ಹಿತ್ತಿಲಿಗೆ ಹೋದರು. ತುಂಬ ಹೊತ್ತು ಅಲ್ಲೇ ಇದ್ದರು. ಪಾಪ, ದಣಿದಿದ್ದಾರೆ ಎಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಹಬ್ಬದ ಕೆಲಸ ಹಂಚಿಹೋಯಿತು. ಬಟ್ಟಲು ಹಿಡಿದು ಜಗುಲಿಯಲ್ಲಿ ಕೂರುವವಳು ನಾನು. ಮಕ್ಕಳನ್ನು ಕರೆದುಕೊಂಡು ಬೀದಿ ಸುತ್ತುವವರು ಅವರು. ಮೊದಲು ಮಗಳು ಲೋರೀನ್, ಆಮೇಲೆ ಅವಳ ಮಕ್ಕಳು ಟಿಲ್ಲಿ ಮತ್ತು ಓಟಿಸ್. ನಾನು ನನ್ನ ಪೀಠದಲ್ಲಿ ಕುಳಿತು ಬಂದ ಮಕ್ಕಳ ಜೋಕನ್ನೆಲ್ಲ ಶಾಂತವಾಗಿ ವಿಚಾರಣೆ ಮಾಡುತ್ತಿದ್ದೆ. ಎಲ್ಲಿ ತಪ್ಪಿದೆ ಎಂದು ತಿಳಿಸಿ ಹೇಳಿ, ಆಮೇಲೆ ಮಿಠಾಯಿ ಕೊಡುತ್ತಿದ್ದೆ. (ಇಷ್ಟು ವಿಚಾರಣೆ ಇದ್ದರೂ ಮಕ್ಕಳು ನಮ್ಮ ಮನೆಗೇ ಸಾಲುಗಟ್ಟಿ ಬರುತ್ತಿದ್ದವು. ಕಲಿಯುವ ಆಸೆ ಎಂದು ನಾನು ತಿಳಿದಿದ್ದೆ.)

ಈ ಏಪ್ರಿಲಿನಲ್ಲಿ ಯಜಮಾನರು ಹೋದರು.

ಆಮೇಲಿನ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋರೀನ್ ನನ್ನ ಜೊತೆಗೇ ಇದ್ದಾಳೆ, ಅಳಿಯ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧ ರಸ್ತೆಯಲ್ಲೇ ಕಳೆಯುತ್ತಾನೆ. ಎಲ್ಲರೂ ಮೆಲ್ಲಗೆ ಮಾತಾಡುವುದನ್ನು ಕಲಿತರು. ಮೂರು ವರ್ಷದ ಓಟಿಸ್ ಕೂಡ ಚಮಚವನ್ನು ಸದ್ದಾಗದಂತೆ ಇಡುತ್ತಿದ್ದ. ಬೇಸಿಗೆ ಬಂದು ಹೋಯಿತು, ಟೊಮೇಟೊ ಗಿಡದಲ್ಲೇ ಕೊಳೆತವು. ಯಜಮಾನರ ಕಂದು ಚೌಕಳಿಯ ಉಣ್ಣೆ ಕೋಟು ಬಾಗಿಲ ಹಿಂದಿನ ಮೊಳೆಗೇ ನೇತಾಡುತ್ತಿತ್ತು. ಅದನ್ನು ಯಾರೂ ಮುಟ್ಟಕೂಡದು ಎಂದು ನಾನು ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸುತ್ತಿದ್ದದ್ದು ಒಂದೇ ಒಂದು ನಂಬಿಕೆ. ಓದಿಲ್ಲದಿದ್ದರೂ, ಬೆಡಗಿಲ್ಲದಿದ್ದರೂ, ನಮ್ಮ ಯಜಮಾನರು ನನ್ನನ್ನು ಗೌರವದಿಂದ ಕಂಡರು. ನಲವತ್ತಾರು ವರ್ಷದ ಸಂಸಾರದಲ್ಲಿ ಒಂದು ದಿನವೂ ನನ್ನ ಮುಖ ನೋಡಿ ನಕ್ಕವರಲ್ಲ. ಇಡೀ ಬೀದಿಯಲ್ಲಿ ಹೀಗೆ ಹೇಳಿಕೊಳ್ಳಬಲ್ಲ ಹೆಂಗಸು ನಾನೊಬ್ಬಳೇ. ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಅದನ್ನೇ ನೆನೆಸಿಕೊಂಡು ನಿದ್ದೆ ಮಾಡುತ್ತಿದ್ದೆ.

ಅಕ್ಟೋಬರ್ ಬಂತು. ಎದುರು ಮನೆಗಳ ಜಗುಲಿಯಲ್ಲಿ ಹಬ್ಬಕ್ಕೆಂದು ಕಣ್ಣು ಮೂಗು ಕೊರೆದ ಸಿಹಿಗುಂಬಳ ಕಾಣಿಸಿಕೊಂಡವು.

"ಈ ವರ್ಷ ನಮ್ಮನೇಲಿ ಬೇಡ," ಎಂದಳು ಲೋರೀನ್. "ಜಗುಲಿ ದೀಪ ಆರಿಸಿಬಿಡೋಣ. ದೀಪ ಇಲ್ಲದ ಮನೆಗೆ ಯಾರೂ ಬರಲ್ಲ."

"ನಾನು ಹೋಗ್ತೀನಿ," ಎಂದಳು ಏಳು ವರ್ಷದ ಟಿಲ್ಲಿ. "ತಾತನ ವೇಷ ಹಾಕ್ಕೊಂಡು ಹೋಗ್ತೀನಿ."

ಅಡುಗೆಮನೆಯಲ್ಲಿ ಎಲ್ಲರ ಕೈ ನಿಂತಿತು.

"ತಾತನ ವೇಷ ಹಾಕಬಾರ್ದು ಪುಟ್ಟಾ," ಎಂದಳು ಲೋರೀನ್.

"ಯಾಕೆ? ಸತ್ತೋರ ವೇಷ ಹಾಕೋ ಹಬ್ಬ ತಾನೆ? ಪಕ್ಕದ್ಮನೆ ಹುಡುಗ ಕಡಲುಗಳ್ಳ ಆಗ್ತಾನೆ. ಆ ಕಡಲುಗಳ್ಳ ಯಾರೋ ಏನೋ. ನನಗೆ ತಾತ ಗೊತ್ತು."

ಎರಡು ದಿನ ಯೋಚಿಸಿದೆ. ಮೂರನೆಯ ದಿನ ಮೊಳೆಯಿಂದ ಕೋಟು ಇಳಿಸಿ ಮಗುವಿಗೆ ತೊಡಿಸಿದೆ. ಅದು ನೆಲ ಗುಡಿಸುತ್ತಿತ್ತು. ಅಂಚು ಮಡಚಿ ದೊಡ್ಡ ಟಾಕಿ ಹಾಕಿದೆ. ಕತ್ತರಿ ಮಾತ್ರ ಹಾಕಲಿಲ್ಲ, ದಾರ ಎಳೆದರೆ ಕೋಟು ಮತ್ತೆ ಮೊದಲಿನಂತಾಗಬೇಕು. ತೋಳನ್ನು ಒಳಕ್ಕೆ ಮಡಚಿ ಪಿನ್ನು ಚುಚ್ಚಿದೆ. ಬಾಟಲಿಯ ಬೆಂಡು ಸುಟ್ಟು ಆ ಮಸಿಯಲ್ಲಿ ಮೀಸೆ ಬರೆದೆ. ಎಡಗಡೆ ಸ್ವಲ್ಪ ಕೆಳಕ್ಕೆ, ಅವರದು ಹಾಗೇ ಇತ್ತು.

"ಓಟಿಸ್ ಏನಾಗ್ತಾನೆ?" ಎಂದು ಕೇಳಿದೆ.

ಟಿಲ್ಲಿ ಅಮ್ಮನ ಮುಖ ನೋಡಿದಳು. ಅಮ್ಮ ಒಲೆಯ ಕಡೆ ತಿರುಗಿದಳು.

"ಅಡುಗೆಯವನು," ಎಂದಳು ಲೋರೀನ್. "ನಿನ್ನ ಹಳೇ ಏಪ್ರನ್ ಕೊಡಮ್ಮಾ."

ಕೊಟ್ಟೆ. ಗಾಜು ಬಿದ್ದುಹೋಗಿದ್ದ ನನ್ನ ಹಳೆಯ ಕನ್ನಡಕದ ಚೌಕಟ್ಟನ್ನೂ ಕೇಳಿದರು.

"ಅಡುಗೆಯವನಿಗೆ ಕನ್ನಡಕ ಯಾಕೆ?"

"ಹೊಗೆಗೆ, ಅಮ್ಮಾ."

"ತಲೆ ಮೇಲೆ ಬಿಳೀ ಉಣ್ಣೆ ತುರುಬು?"

"ಹಿಟ್ಟು ಹಾರಿರುತ್ತಲ್ಲ."

ಅಡುಗೆಯವರ ಬಗ್ಗೆ ಮಗಳಿಗೆ ಇಷ್ಟು ತಿಳಿದಿದ್ದೂ ಅವಳ ಕೈಯ ಮಾಂಸದ ಸಾರು ಹಾಗಿರುತ್ತದಲ್ಲ ಎಂದು ಆಶ್ಚರ್ಯಪಟ್ಟೆ.

ಜಗುಲಿ ದೀಪ ಆರಿಸುವ ಮಾತು ಅಲ್ಲಿಗೆ ಬಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದವಳು ಲೋರೀನ್. ಆದರೆ ಹಬ್ಬದ ಹಿಂದಿನ ದಿನ ಅವಳು ಸಿಹಿಗುಂಬಳಕ್ಕೆ ಕಣ್ಣು ಮೂಗು ಕೊರೆಯುತ್ತ, ತಿರುಳನ್ನು ನೆಲಕ್ಕೆ ಚೆಲ್ಲಿ, ಅದರ ಮೇಲೆಯೇ ಹೆಜ್ಜೆಯಿಟ್ಟು ಜಾರಿದಳು. ಆಸ್ಪತ್ರೆಯಿಂದ ಬರುವಾಗ ಬಲಗಾಲಿಗೆ ಮೊಣಕಾಲವರೆಗೆ ಸಿಮೆಂಟಿನ ಪಟ್ಟಿ. ನಮ್ಮ ಸಿಹಿಗುಂಬಳ ಒಂದೇ ಕಣ್ಣಿನಲ್ಲಿ ಉಳಿಯಿತು.

"ನಾನೇ ಕರ್ಕೊಂಡ್ಹೋಗ್ತೀನಿ," ಎಂದೆ. "ನೀನು ಜಗುಲೀಲಿ ಕೂತು ಬಟ್ಟಲು ನೋಡ್ಕೊ."

ಮಗಳ ಮುಖ ಬಿಳುಪೇರಿತು. "ನೀನಾ? ಬೇಡಮ್ಮಾ. ನಿನ್ನ ಮಂಡಿ..."

"ಮಂಡಿ ಚೆನ್ನಾಗಿದೆ."

"ಚಳಿ ಇದೆ."

"ಶಾಲು ಇದೆ."

"ಮಕ್ಕಳನ್ನ ಬಿಟ್ಟು ನೀನು ಮೂಲೇಲೇ ನಿಂತ್ಕೊ, ಆಯ್ತಾ? ಬಾಗಿಲ ತನಕ ಹೋಗ್ಬೇಡ. ಅವು ಏನ್ ಹೇಳ್ತಾವೆ ಅಂತ ಕೇಳಿಸ್ಕೋಬೇಡ."

ಮಗಳಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ. ಯಜಮಾನರು ಹೋದ ಮೇಲೆ ಯಾರೂ ನನ್ನ ಮಂಡಿಯನ್ನು ವಿಚಾರಿಸಿರಲಿಲ್ಲ.

ಸಂಜೆ ಆರಕ್ಕೆ ಹೊರಟೆವು. ಮುಂದೆ ಕೋಟು ತೊಟ್ಟ ಟಿಲ್ಲಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, ಗೋಡೆ ಸರಿಯಾಗಿದೆಯೇ ಎಂದು ನೋಡುವ ಮೇಸ್ತ್ರಿಯ ಹಾಗೆ ತಲೆ ವಾಲಿಸಿ ನಡೆಯುತ್ತಿದ್ದಳು. ಆ ನಡಿಗೆಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಹಿಂದೆ ಟಾರ್ಚು ಹಿಡಿದು ನಡೆಯುತ್ತಿದ್ದ ನನಗೆ ಕಣ್ಣು ಮಂಜಾಯಿತು. ಪಕ್ಕದಲ್ಲಿ ಪುಟಾಣಿ ಅಡುಗೆಯವನು ಏಪ್ರನ್ನು ಎಡವುತ್ತ ಬರುತ್ತಿದ್ದ.

ಮೊದಲ ಮನೆ ಹೊರೇಸನದು. ನಿವೃತ್ತ ಅಂಚೆಯವನು, ಯಜಮಾನರ ಗೆಳೆಯ. ಅಂತ್ಯಕ್ರಿಯೆಯ ದಿನ ಶವಪೆಟ್ಟಿಗೆ ಹೊತ್ತವರಲ್ಲಿ ಒಬ್ಬ. ಆಮೇಲೆ ಅವನನ್ನು ನಾನು ಕಂಡದ್ದು ಕಡಿಮೆ. ಬಾಗಿಲು ತೆರೆದವನು ಕೋಟು ನೋಡಿ ಚೌಕಟ್ಟು ಹಿಡಿದುಕೊಂಡ. ನಾನು ಮೆಟ್ಟಿಲ ಕೆಳಗೆ, ಪೊದೆಯ ಪಕ್ಕದಲ್ಲಿ, ಮಗಳು ಹೇಳಿದ ಹಾಗೆಯೇ ನಿಂತಿದ್ದೆ. ಕಿವಿಯನ್ನು ಮಾತ್ರ ಎಲ್ಲಿ ಇಡುವುದು?

"ಒಂದಿನ ಬಿರುಗಾಳಿ ಸೈರನ್ ಕೂಗ್ತು," ಎಂದು ಶುರುಮಾಡಿದಳು ಟಿಲ್ಲಿ, ದನಿ ದಪ್ಪ ಮಾಡಿಕೊಂಡು. "ತಾತ ನೆಲಮಾಳಿಗೆಗೆ ಓಡಿದ. ಅಜ್ಜಿ ಬಟ್ಟೆ ಒಣಗಿಸ್ತಾ ಇದ್ಲು. 'ಬಾರೇ, ಬಾರೇ' ಅಂತ ತಾತ ಕೂಗಿದ. ಅಜ್ಜಿ ಅಂದ್ಲು, 'ಇವತ್ತು ತಿಂಗಳ ಮೊದಲ ಸೋಮವಾರ, ಸೈರನ್ ಪರೀಕ್ಷೆ ಮಾಡೋ ದಿನ. ಸುಮ್ನಿರಿ.' ಅಷ್ಟರಲ್ಲಿ ಶೆಡ್ಡಿನ ಛಾವಣಿ ಹಾರಿ ಪಕ್ಕದ ಬೀದಿಗೆ ಹೋಯ್ತು. ಅಜ್ಜಿ ಅದನ್ನ ನೋಡಿ ಅಂದ್ಲು, 'ಈ ಸಲ ಪರೀಕ್ಷೆ ಚೆನ್ನಾಗಿ ಮಾಡ್ತಿದ್ದಾರೆ.'"

ಓಟಿಸ್ ಕನ್ನಡಕ ಸರಿಮಾಡಿಕೊಂಡು, ಏಪ್ರನ್ನಿನ ಮೇಲೆ ಕೈಕಟ್ಟಿ, ತುಟಿ ಬಿಗಿದು ಹೇಳಿದ: "ಇದ್ರಲ್ಲಿ ನಗೋದೇನಿದೆ?"

ಆಗ ತಿಳಿಯಿತು ನನಗೆ, ಅವನು ಎಂಥ ಅಡುಗೆಯವನು ಎಂದು.

ಹೊರೇಸ್ ನಿಂತಲ್ಲೇ ಬಗ್ಗಿದ. ಆಮೇಲೆ ಮೆಟ್ಟಿಲ ಮೇಲೆ ಕುಳಿತ. ನಗುತ್ತಿದ್ದಾನೋ ಬಿಕ್ಕುತ್ತಿದ್ದಾನೋ ಹೇಳುವಂತಿರಲಿಲ್ಲ. ಕಣ್ಣೊರೆಸಿಕೊಳ್ಳುವಾಗ ಪೊದೆಯ ಪಕ್ಕ ನನ್ನನ್ನು ಕಂಡ.

"ಆಲ್ವಿನಾ. ನೀನೂ ಬಂದಿದ್ದೀಯಾ."

"ಬಂದಿದ್ದೀನಿ."

"ನಾನು... ಮಗು ಹೇಳಿದ ರೀತಿಗೆ ನಕ್ಕೆ."

"ಅದು ನಿಜವಾಗ್ಲೂ ತಿಂಗಳ ಮೊದಲ ಸೋಮವಾರವೇ," ಎಂದೆ. "ಯಾರಾದ್ರೂ ಪರೀಕ್ಷೆ ಅಂತಲೇ ತಿಳೀತಾರೆ. ಮತ್ತೆ ಛಾವಣಿ ಪಕ್ಕದ ಬೀದಿಗೆ ಹೋಗ್ಲಿಲ್ಲ. ಗಲ್ಲೀಲೇ ಬಿತ್ತು."

ಹೊರೇಸ್ ತಲೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡ. ಅವನ ಬೆನ್ನು ಕುಲುಕುತ್ತಿತ್ತು. ಮಿಠಾಯಿಯನ್ನು ಮಕ್ಕಳೇ ಬಟ್ಟಲಿನಿಂದ ತೆಗೆದುಕೊಂಡವು.

ರಸ್ತೆಗೆ ಬಂದ ಮೇಲೆ ಕೇಳಿದೆ. "ಟಿಲ್ಲಿ, ಈ ಜೋಕು ಯಾರು ಹೇಳಿಕೊಟ್ಟಿದ್ದು?"

"ತಾತ."

"ಇನ್ನೂ ಇದೆಯಾ?"

"ಇದೆ. ಈ ವರ್ಷಕ್ಕೆ ಅಂತ ಮೂರು ಆರಿಸಿಕೊಟ್ಟಿದ್ದ. ಹಳೇದೂ ಇದೆ, ಆದ್ರೆ ಅದೆಲ್ಲ ಹೇಳಿ ಆಗಿದೆ."

ಹೇಳಿ ಆಗಿದೆ. ವರ್ಷ ವರ್ಷ, ಈ ಮಕ್ಕಳ ಜೊತೆ, ಅದಕ್ಕೂ ಮೊದಲು ಲೋರೀನ್ ಜೊತೆ. ನಾನು ಜಗುಲಿಯಲ್ಲಿ ಕುಳಿತು ಊರಿನ ಮಕ್ಕಳ ಜೋಕು ತಿದ್ದುತ್ತಿದ್ದಾಗ ನಮ್ಮ ಯಜಮಾನರು ಮನೆಮನೆಗೂ ನನ್ನನ್ನು ಹಂಚುತ್ತಿದ್ದರು. ನನ್ನ ಮುಖ ನೋಡಿ ನಗಲಿಲ್ಲ, ನಿಜ. ಹೊರಗೆ ಹೋಗಿ ನಗುತ್ತಿದ್ದರು.

ಎರಡನೆಯ ಮನೆ ಮಿರ್ಸಾದಾಳದು. ಬೋಸ್ನಿಯಾದಿಂದ ಬಂದವಳು, ಮೂಲೆಯ ಕಾಫಿ ಅಂಗಡಿ ಅವಳದೇ. ಅವಳು ಕೋಟನ್ನೂ ಏಪ್ರನ್ನನ್ನೂ ನೋಡಿ, "ಅಯ್ಯೋ ನನ್ನ ಬಂಗಾರಗಳೇ," ಎಂದು ಮಂಡಿಯೂರಿ ಕುಳಿತಳು.

"ಅಜ್ಜಿ ಮೊಟ್ಟೆ ಬೇಯಿಸುವಾಗ ಗಡಿಯಾರ ನೋಡಲ್ಲ," ಎಂದಳು ಟಿಲ್ಲಿ. "ಮೂರು ಸಲ ಪ್ರಾರ್ಥನೆ ಹೇಳ್ತಾಳೆ. ಒಂದಿನ ಪಾದ್ರಿಗಳು ಮನೆಗೆ ಬಂದ್ರು. ಒಲೆ ಮುಂದೆ ಅಜ್ಜಿ ಪ್ರಾರ್ಥನೆ ಮಾಡೋದು ನೋಡಿ, ಎಂಥ ಭಕ್ತಿ ಅಂತ ಅವ್ರೂ ಮಂಡಿಯೂರಿದ್ರು. ಕಣ್ಣು ಮುಚ್ಚಿದ್ರು. ಮೂರನೇ ಸಲ ಮುಗೀತು. ಅಜ್ಜಿ ಅಂದ್ಲು..."

"'ಆಮೆನ್,'" ಎಂದಳು ಮಿರ್ಸಾದಾ, ಟಿಲ್ಲಿಯ ಜೊತೆಗೇ, ಒಂದಕ್ಷರ ತಪ್ಪದೆ. "'ನಿಮಗೆ ಗಟ್ಟಿ ಮೊಟ್ಟೆ ಬೇಕಾದ್ರೆ ಇನ್ನೊಂದು ಸಲ ಹೇಳ್ಬೇಕು.'"

"ಇದ್ರಲ್ಲಿ ನಗೋದೇನಿದೆ?" ಎಂದ ಓಟಿಸ್.

ಮಿರ್ಸಾದಾ ನೆಲಕ್ಕೆ ಕೈಯೂರಿದಳು. ನಾನು ಕತ್ತಲಿನಿಂದ ಬೆಳಕಿಗೆ ಬಂದೆ. ಅವಳು ನಾಚಲೂ ಇಲ್ಲ. ಎದ್ದು ಬಂದು ನನ್ನ ಕೆನ್ನೆ ಹಿಡಿದಳು.

"ನಮ್ಮ ಅಂಗಡೀಲಿ ಕೂತು ಎಮಿಲ್ ನಿನ್ನ ಸುದ್ದಿ ಬಿಟ್ಟು ಬೇರೆ ಏನೂ ಮಾತಾಡ್ತಿರಲಿಲ್ಲ ಕಣೇ. ದಿನಾ ಬೆಳಿಗ್ಗೆ. ಬಂದವರೆಲ್ಲ 'ಇವತ್ತೇನು ಮಾಡಿದ್ಲು' ಅಂತ ಕೇಳೋರು."

ಆ ಅಂಗಡಿಗೆ ನಾನು ರೊಟ್ಟಿ ತರಲು ಹೋದಾಗಲೆಲ್ಲ ಕುಳಿತವರು ಮಾತು ನಿಲ್ಲಿಸಿ ನನ್ನತ್ತ ತಿರುಗಿ ಮಂದಹಾಸ ಬೀರುತ್ತಿದ್ದರು. ಕೆಲವರು ಎದ್ದು ನಿಂತದ್ದೂ ಉಂಟು. ಅದನ್ನು ನಾನು ಮರ್ಯಾದೆ ಎಂದು ತಿಳಿದು, ಮಹಾರಾಣಿಯ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು, ರೊಟ್ಟಿ ಕಂಕುಳಲ್ಲಿಟ್ಟು ಹೊರಬರುತ್ತಿದ್ದೆ.

ಬೀದಿಯ ದೀಪದ ಕೆಳಗೆ ನಿಂತೆ. ಗಂಡ ಬದುಕಿದ್ದರೆ ಮನೆಗೆ ಹೋಗಿ ಪಾತ್ರೆ ಎತ್ತಿ ಕುಕ್ಕಬಹುದು, ಎರಡು ದಿನ ಮಾತು ಬಿಡಬಹುದು. ಮಾತು ಬಿಟ್ಟವರೇ ಅವರಾಗಿರುವಾಗ ನಾನೇನು ಮಾಡಲಿ? ಎದುರಿಗಿದ್ದದ್ದು ಅವರ ಕೋಟು, ಅದರೊಳಗೊಂದು ಮಗು.

"ಮನೆಗೆ ನಡೀರಿ. ಸಾಕು."

"ಇನ್ನೊಂದಿದೆ ಅಜ್ಜಿ."

"ಬೇಕಾಗಿಲ್ಲ."

"ಅದೇ ಎಲ್ಲಕ್ಕಿಂತ ಒಳ್ಳೇದು ಅಂದಿದ್ದ ತಾತ. ಇದನ್ನ ಕೊನೇಗೆ ಇಟ್ಕೊ ಅಂದಿದ್ದ." ಮಸಿಯ ಮೀಸೆ ನಡುಗಿತು. "ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ಸತ್ತವರಿಗೆ ಕೊಟ್ಟ ಮಾತಿನ ಮುಂದೆ ಬದುಕಿರುವವಳ ಮಾನ ಎಷ್ಟರದು? ಮೂರನೆಯ ಮನೆಯ ಮೆಟ್ಟಿಲು ಹತ್ತಿದೆವು. ಈ ಸಲ ನಾನೂ ಬಾಗಿಲ ತನಕ ಹೋದೆ. ಅಡಗಿಕೊಳ್ಳಲು ಇನ್ನೇನು ಉಳಿದಿತ್ತು?

ಆ ಮನೆಗೆ ಬೇರೆ ರಾಜ್ಯದಿಂದ ಯಾರೋ ಗಂಡ ಹೆಂಡತಿ ಹೊಸದಾಗಿ ಬಂದಿದ್ದರು. ಚಿಕ್ಕ ವಯಸ್ಸು. ಅವರಿಗೆ ನಾನೂ ಗೊತ್ತಿಲ್ಲ, ಎಮಿಲ್ ಯಾರೆಂದೂ ಗೊತ್ತಿಲ್ಲ. ಜೋಕಿನ ಪದ್ಧತಿಯೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಹುಡುಗ ಬಾಗಿಲು ತೆರೆದ ಕೂಡಲೇ ಮಿಠಾಯಿ ಹಾಕಲು ಬಂದ. ಟಿಲ್ಲಿ ಚೀಲವನ್ನು ಹಿಂದಕ್ಕೆಳೆದುಕೊಂಡಳು.

"ಮೊದಲು ಜೋಕು," ಎಂದಳು. ಕೋಟಿನ ಎದೆ ಉಬ್ಬಿಸಿದಳು. "ಡಾಕ್ಟರು ಬಂದು ನಮ್ಮ ತಾತನಿಗೆ, 'ನಿಮಗಿನ್ನು ಆರೇ ತಿಂಗಳು' ಅಂದ್ರು. ಯಾರೂ ಮಾತಾಡ್ಲಿಲ್ಲ. ಆಮೇಲೆ ಅಜ್ಜಿ ಕೇಳಿದ್ಲು, 'ಯಾವ ತಾರೀಕಿನಿಂದ?'"

ಹುಡುಗನ ಕೈ ಗಾಳಿಯಲ್ಲೇ ನಿಂತಿತು. ಹುಡುಗಿ ಬಾಯಿಗೆ ಕೈ ಇಟ್ಟಳು.

"ಇದ್ರಲ್ಲಿ ನಗೋದೇನಿದೆ?" ಎಂದ ಓಟಿಸ್. ಮೊದಲ ಸಲ ಆ ಮಾತು ಸರಿಯಾದ ಜಾಗಕ್ಕೆ ಬಿದ್ದಿತ್ತು.

ಯಾರೂ ನಗಲಿಲ್ಲ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಡಾಕ್ಟರು ಪರೀಕ್ಷೆ ಮಾಡಿದ್ದು ಒಂದು ದಿನ, ಫಲಿತಾಂಶ ಹೇಳಿದ್ದು ಇನ್ನೊಂದು ದಿನ. ನಡುವೆ ಒಂದು ವಾರ ಇತ್ತು. ಪರೀಕ್ಷೆಯ ದಿನದಿಂದ ಎಣಿಸಿದರೆ ಆ ವಾರ ಹೋಯಿತು. ಹೇಳಿದ ದಿನದಿಂದ ಎಣಿಸಿದರೆ ಅದು ನಮಗೆ ಸಿಗುತ್ತದೆ. ನನಗೆ ಆ ಒಂದು ವಾರ ಬೇಕಿತ್ತು. ಅದಕ್ಕೆ ಕೇಳಿದೆ. ಯಜಮಾನರು ಹಾಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನರ್ಸು ಓಡಿಬಂದಳು. ನಾನು ಔಷಧಿಯ ಮಂಪರು ಎಂದುಕೊಂಡೆ. ನಗು ನಿಂತ ಮೇಲೆ ಅವರು ನನ್ನ ಕೈ ಹಿಡಿದು, ಮತ್ತೆ ಬಿಡಲೇ ಇಲ್ಲ. ಅದೂ ಮಂಪರೇ ಎಂದುಕೊಂಡಿದ್ದೆ.

ಟಿಲ್ಲಿ ಆ ಹುಡುಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಕೋಟು ಅವಳ ಮೈಮೇಲೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. "ತಾತ ಒಳ್ಳೇದು ಅಂದಿದ್ದ," ಎಂದಳು, ಯಾರಿಗೂ ಅಲ್ಲ.

ನಮ್ಮ ಯಜಮಾನರು ಕಟ್ಟಿದ ಗೋಡೆ ಈ ಊರಿನಲ್ಲಿ ಒಂದೂ ಬಿದ್ದಿಲ್ಲ. ಅವರ ಜೋಕು ಬೀಳುವುದನ್ನು ನಾನು ನಿಂತು ನೋಡಲಾರದೆ ಹೋದೆ. ಯಾರಾದರೂ ನಗಬೇಕಿತ್ತು, ಅಲ್ಲಿ ಉಳಿದಿದ್ದವಳು ನಾನೊಬ್ಬಳೇ. ಹಾಗಾಗಿ ನಕ್ಕೆ.

ಮೊದಲು ನಟಿಸಿದೆ. ತುಕ್ಕು ಹಿಡಿದ ಗೇಟು ತೆರೆದಂಥ ಶಬ್ದ ಬಂತು. ಎರಡನೆಯದು ಸ್ವಲ್ಪ ಸಲೀಸಾಯಿತು. 'ಯಾವ ತಾರೀಕಿನಿಂದ' ಎಂದು ಕೇಳುತ್ತ ಟೋಪಿ, ಶಾಲು, ಚೀಲ ಸಮೇತ ಡಾಕ್ಟರ ಮುಂದೆ ನಿಂತ ಒಬ್ಬ ಮುದುಕಿ ನನ್ನ ಕಣ್ಣಿಗೆ ಬಂದಳು, ರೈಲಿನ ಸಮಯ ವಿಚಾರಿಸುವವಳ ಹಾಗೆ. ಆಮೇಲೆ ನನ್ನಿಂದ ನಿಲ್ಲಿಸಲು ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕಣ್ಣಿನಿಂದ ಮೂಗಿನಿಂದ ನೀರು ಸುರಿಯಿತು. ಅದರಲ್ಲಿ ಎಷ್ಟು ಪಾಲು ನಗು ಎಂದು ನನ್ನನ್ನು ಕೇಳಬೇಡಿ.

"ಇವ್ರೇ ಅಜ್ಜಿ," ಎಂದಳು ಟಿಲ್ಲಿ, ಹೆಮ್ಮೆಯಿಂದ ನನ್ನನ್ನು ತೋರಿಸಿ.

ಹೊಸ ಮನೆಯ ಹುಡುಗ ಹೆದರಿ ಇಡೀ ಬಟ್ಟಲನ್ನು ಚೀಲಕ್ಕೆ ಸುರಿದುಬಿಟ್ಟ. ಹುಡುಗಿ ನನಗೊಂದು ಲೋಟ ನೀರು ತಂದುಕೊಟ್ಟಳು. ಅವರ ಮನೆಯ ದೀಪ ನಾವು ಇಳಿಯುವಷ್ಟರಲ್ಲೇ ಆರಿತು.

ಜಗುಲಿಯಲ್ಲಿ ಸಿಮೆಂಟಿನ ಕಾಲು ಚಾಚಿ ಕುಳಿತ ಲೋರೀನ್ ನನ್ನ ಮುಖ ನೋಡಿದ ಕೂಡಲೇ ಕುರ್ಚಿಯಲ್ಲಿ ಹಿಂದೆ ಸರಿದಳು.

"ಅಮ್ಮಾ..."

"ಹೊಗೆಗೆ ಕನ್ನಡಕ," ಎಂದೆ. "ಹಿಟ್ಟು ಹಾರಿದ ತಲೆ."

"ಅಪ್ಪ ನಿನಗೆ ಹೇಳ್ಬೇಡ ಅಂದಿದ್ರು."

"ಎಷ್ಟು ವರ್ಷದಿಂದ?"

"ನನಗೆ ಮಾತು ಬಂದಾಗಿಂದ." ಅವಳು ತಲೆ ತಗ್ಗಿಸಿದಳು. "'ಗೊತ್ತಾದ್ರೆ ಅವಳು ಹುಷಾರಾಗಿಬಿಡ್ತಾಳೆ, ಆಮೇಲೆ ನಾನು ಯಾರನ್ನ ನೋಡ್ಕೊಂಡು ಬದುಕಲಿ' ಅಂತಿದ್ರು."

ಒಳಗೆ ಹೋಗಿ, ಮಾಂಸದ ಸಾರು ಬಿಸಿ ಮಾಡಿ, ಓಟಿಸನ ಏಪ್ರನ್ ಬಿಚ್ಚಿ ತೊಳೆಯಲು ಹಾಕಿ, ಟಿಲ್ಲಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕೋಟಿನ ಪಿನ್ನುಗಳನ್ನು ತೆಗೆಯತೊಡಗಿದೆ. ಅವಳು ಬಾಯಿ ತುಂಬ ಕ್ಯಾರಮೆಲ್ ಇಟ್ಟುಕೊಂಡು ಚೀಲದೊಳಗೆ ಇಣುಕುತ್ತಿದ್ದಳು. ಮೀಸೆ ಒಂದು ಕಡೆ ಕೆನ್ನೆಗೆ ಹತ್ತಿತ್ತು.

"ಅಜ್ಜಿ, ತಾತ ಕೊಟ್ಟಿದ್ದೆಲ್ಲ ಮುಗೀತು."

"ಮುಗಿದ್ರೆ ಮುಗೀಲಿ. ಮುಂದಿನ ವರ್ಷ ಅದನ್ನೇ ಹೇಳು."

"ಹೇಳಿದ್ದನ್ನೇ ಹೇಳಬಾರ್ದು. ಹೊಸದು ಬೇಕು."

"ಹೊಸದು ಎಲ್ಲಿಂದ ತರೋದು? ತಾತ ಇಲ್ವಲ್ಲ."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಇಷ್ಟು ಸುಲಭದ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಕನಿಕರದಿಂದ ನನ್ನ ಹೆಗಲ ಮೇಲೆ ಅಂಟು ಕೈ ಇಟ್ಟಳು.

"ನೀನು ಇದ್ದೀಯಲ್ಲ. ಅಷ್ಟರೊಳಗೆ ಇನ್ನೊಂದೆರಡು ಎಡವಟ್ಟು ಮಾಡ್ತೀಯಾ, ಅಜ್ಜಿ? ಬೇಕೂಂತ ಮಾಡ್ಬಾರ್ದು ಮತ್ತೆ, ಬೇಕೂಂತ ಮಾಡಿದ್ರೆ ನಗು ಬರಲ್ಲ. ಯಾವಾಗ್ಲೂ ಇರೋ ಥರ ಇದ್ರೆ ಸಾಕು. ಇರ್ತೀಯಾ?"